ಹೋಗದ ಕಲೆ

ಅಂಗಿಯ ಕಾಲರಿನ ಒಳಮಡಿಕೆಯಲ್ಲಿ ಹಸಿರು ಬಣ್ಣದ ಒಂದು ಚುಕ್ಕೆ ಇತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಉಗುರಿನಿಂದ ಕೆರೆದಳು, ಆಮೇಲೆ ಮೂಗಿನ ಹತ್ತಿರ ತಂದಳು. ತಂದವಳೇ ಮುಖ ಸಿಂಡರಿಸಿ ಅಂಗಿಯನ್ನು ಲಾಂಡ್ರಿಯ ಕೌಂಟರಿನ ಮೇಲೆ ಎಸೆದಳು.

"ಏನಾಯ್ತು?" ಎಂದ, ಕೌಂಟರಿನ ಆಚೆ ನಿಂತಿದ್ದ ಪೇಂಟರ್.

"ಇದು ನೀಲಿ ಅಲ್ಲ."

"ಅಲ್ಲ. ಹಸಿರು."

"ಹಸಿರು ಅಂತ ನನಗೂ ಕಾಣುತ್ತೆ. ಯಾರ ಹಸಿರು ಅಂತ ಕೇಳ್ತಿದೀನಿ."

ಅವನು ಕೌಂಟರಿನ ಅಂಚಿನಲ್ಲಿ ಬೆರಳಿನಿಂದ ಏನೋ ಬರೆಯತೊಡಗಿದ. ತಪ್ಪು ಮಾಡಿದಾಗಲೂ ಅವನ ಬೆರಳು ಅಕ್ಷರವನ್ನೇ ಬರೆಯುತ್ತಿತ್ತು.

ಆ ಬೀದಿಯವರಿಗೆಲ್ಲ ಆ ಹಸಿರಿನ ಪರಿಚಯ ಚೆನ್ನಾಗಿಯೇ ಇತ್ತು. ಬೀದಿಯ ಹಿಂದೆ ಬೆಟ್ಟದಿಂದ ಧುಮುಕಿ ಬಂಡೆಗಳ ನಡುವೆ ಹರಿಯುತ್ತಿದ್ದ ನದಿಯನ್ನು ಮೇಲೆಯೇ ತಡೆದು, ದೊಡ್ಡ ಪೈಪಿನೊಳಗೆ ತುಂಬಿ, ಕೆಳಗಿನ ಕಣಿವೆಯಲ್ಲಿ ಕರೆಂಟು ತೆಗೆಯಲು ಒಂದು ಖಾಸಗಿ ಕಂಪನಿ ಹೊರಟಿತ್ತು. ಅದರ ಜೀಪು ಹಸಿರು, ಟೋಪಿ ಹಸಿರು, ಪುಕ್ಕಟೆ ಹಂಚುವ ಕ್ಯಾಲೆಂಡರೂ ಹಸಿರು. ಪಕ್ಕದ ಕಣಿವೆಯ ನದಿಯನ್ನು ಅದೇ ಕಂಪನಿ ಆಗಲೇ ಪೈಪಿಗೆ ತುಂಬಿಯಾಗಿತ್ತು. ನದಿ ಉಳಿಸುವ ಸಮಿತಿಯವರ ಜೊತೆ ಅವಳು ಅದನ್ನು ನೋಡಲು ಹೋಗಿದ್ದಳು. ಅಲ್ಲಿ ನದಿ ಇರಲಿಲ್ಲ. ಬಿಳಿಚಿದ ಕಲ್ಲುಗಳಿದ್ದವು. ಕಲ್ಲುಗಳ ನಡುವೆ ಅಲ್ಲಲ್ಲಿ ನಿಂತ ನೀರಿನ ಮೇಲೆ ಕೀವಿನಂಥ ಕೆನೆ ಕಟ್ಟಿತ್ತು. ಹೊಟ್ಟೆ ಮೇಲಾದ ಮೀನುಗಳಿಗೆ ನೊಣ ಮುತ್ತಿತ್ತು. ದಡದಲ್ಲಿ ಒಂದು ಬೋರ್ಡು: "ಈ ನದಿ ಈಗ ಬೆಳಕಾಗಿದೆ." ಅಕ್ಷರಗಳು ಹಸಿರು. ಆ ಬೋರ್ಡಿನ ಕಂಬ ಹಿಡಿದುಕೊಂಡೇ ಅವಳು ವಾಂತಿ ಮಾಡಿದ್ದಳು. ಊರಿಗೆ ಬಂದ ಮೇಲೂ ಆ ನಾತ ಕೂದಲಿನಿಂದ ಹೋಗಿರಲಿಲ್ಲ.

ಸಮಿತಿಯ ಗೋಡೆಬರಹಗಳನ್ನೆಲ್ಲ ನೀಲಿ ಬಣ್ಣದಲ್ಲಿ ಬರೆದವನು ಇದೇ ಪೇಂಟರ್. "ನದಿಯನ್ನು ಬಿಡಿ" ಎಂಬ ಎರಡೇ ಪದ. ಏಣಿ ಹಿಡಿಯಲು ಸಮಿತಿಯ ಮುಖಂಡೆ ನರ್ಸಕ್ಕ ಇವಳನ್ನು ಕಳಿಸಿದ್ದಳು. ಅವನು ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಇವಳು ಏಣಿಯ ಕಾಲನ್ನು ಮಾತ್ರ ನೋಡುತ್ತಿದ್ದಳು.

"ಸ್ವಲ್ಪ ಮೇಲೆ ನೋಡಿ. ಅಕ್ಷರ ಸೊಟ್ಟ ಆಗಿದೆಯಾ ಹೇಳಿ."

"ಅಕ್ಷರ ನೆಟ್ಟಗಿದೆ. ಬರೆಯೋರ ಕಣ್ಣು ಸೊಟ್ಟ."

ಅವನು ನಕ್ಕ ರಭಸಕ್ಕೆ ನೀಲಿಯ ಒಂದು ಹನಿ ಅವಳ ಮುಂಗೈ ಮೇಲೆ ಬಿತ್ತು. ಎಂಥ ಕಲೆಯನ್ನಾದರೂ ತೆಗೆಯಬಲ್ಲ ಅವಳು ಅದನ್ನು ಅದೇಕೋ ಹಾಗೇ ಬಿಟ್ಟಿದ್ದಳು. ಆಮೇಲೆ ಅವನು ವಾರ ವಾರ ಅಂಗಿ ತರತೊಡಗಿದ. ಕೊಳೆಯಾಗಿಲ್ಲದಿದ್ದರೂ ತಂದ. "ನಿನ್ನೆ ಒಗೆದದ್ದನ್ನೇ ಇವತ್ತು ಒಗೆಸೋನನ್ನ ನಾನು ಇವನೊಬ್ಬನನ್ನೇ ನೋಡಿದ್ದು" ಎಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

ಈಗ ಅದೇ ಅಂಗಿಗಳ ಸಾಲಿನಲ್ಲಿ ಈ ಹಸಿರು.

"ಕಂಪನಿಗೆ ಬರೀತಿದೀರಾ?"

"ಬ್ಯಾನರ್. ಜನರ ಅಭಿಪ್ರಾಯ ಕೇಳೋಕೆ ಸರ್ಕಾರ ಕರೆದಿರೋ ಸಭೆಗೆ ಬೇಕಂತೆ," ಎಂದ ಅವನು ಮೆಲ್ಲಗೆ. "ನೋಡಿ, ನಾನು ಬರೆಯೋದು ಅಕ್ಷರ. ಅರ್ಥ ಬರೆಸೋರದ್ದು. ಇದು ನನ್ನ ಕಲೆ ಅಷ್ಟೇ."

ಆ ಸತ್ತ ನದಿಯ ನಾತ ಲಾಂಡ್ರಿಯ ಸೋಪಿನ ಹಬೆಯನ್ನೂ ಸೀಳಿಕೊಂಡು ಬಂದಂತಾಯಿತು. ಅದೇ ಕೈ. ಹಗಲು ನೀಲಿ, ರಾತ್ರಿ ಹಸಿರು. ಆ ಕೈಯಿಂದ ಬಿದ್ದ ಹನಿಯನ್ನು ತಾನು ಮುಂಗೈ ಮೇಲೆ ಇಟ್ಟುಕೊಂಡು ಮೆರೆದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

"ಕಲೆ ಅಂತೆ ಕಲೆ! ನಾವು ಕಲೆ ಅನ್ನೋದು ಯಾವುದಕ್ಕೆ ಗೊತ್ತಾ ನಿನಗೆ?"

ಅವಳ ಬಾಯಲ್ಲಿ ಅವನಿಗೆ ಮೊದಲ ಸಲ ಏಕವಚನ ಬಂದದ್ದು ಪ್ರೀತಿಯಿಂದಲ್ಲ, ಅಸಹ್ಯದಿಂದ.

ಎಷ್ಟು ಉಜ್ಜಿದರೂ ಬಿಡದ ಕಲೆಯಿದ್ದರೆ ಬಟ್ಟೆಗೆ ಚುಚ್ಚಿ ಕೊಡಲು ಲಾಂಡ್ರಿಯಲ್ಲಿ ಪುಟ್ಟ ರಟ್ಟಿನ ಚೀಟಿಗಳಿದ್ದವು. ತಾಯಿ ಅಚ್ಚು ಹಾಕಿಸಿದ್ದು. "ಕಲೆ ಹೋಗದು. ಕ್ಷಮಿಸಿ." ಅವಳು ಅಂಗಿಯನ್ನು ನೀರಿಗೆ ಸೋಕಿಸಲೇ ಇಲ್ಲ. ಎದೆಯ ಜೇಬಿನ ಮೇಲೆ ಚೀಟಿ ಚುಚ್ಚಿ, ಅವನತ್ತ ತಳ್ಳಿದಳು.

"ತಗೊಂಡು ಹೋಗು. ಇನ್ನೊಂದು ಸಲ ಈ ಮೆಟ್ಟಿಲು ಹತ್ತಬೇಡ."

ಅವನು ಚೀಟಿಯನ್ನು ಓದಿದ. ಅಕ್ಷರಗಳನ್ನಲ್ಲ, ಅರ್ಥವನ್ನೇ ಓದಿದವನಂತೆ ಅಂಗಿಯನ್ನು ಮಡಿಚಿಕೊಂಡು ಹೋದ.

ಆಮೇಲಿನ ದಿನಗಳಲ್ಲಿ ಅವಳಿಗೆ ಎಲ್ಲವೂ ಕೊಳಕಾಗಿ ಕಂಡಿತು. ಕಂಪನಿಯವರು ಮನೆಮನೆಗೆ ಬ್ಯಾಟರಿ ದೀಪ ಹಂಚಿದರು. ನಿನ್ನೆಯವರೆಗೆ ಸಮಿತಿಯ ಸಾಲಿನಲ್ಲಿ ಕೂಗಿದವರೇ ಹಲ್ಲು ಕಿರಿದು ಕೈ ಚಾಚಿದರು. ಎಲ್ಲಕ್ಕಿಂತ ಅಸಹ್ಯವಾದದ್ದು, ಬೀದಿಯಲ್ಲಿ ಏಣಿಯ ಸದ್ದು ಕೇಳಿದರೆ ತನ್ನ ಕಿವಿ ಇನ್ನೂ ನೆಟ್ಟಗಾಗುತ್ತಿತ್ತು ಎಂಬುದು. ಛೀ, ಎಂದು ಕಿವಿಗೇ ಬೈದು ಅವಳು ಬಟ್ಟೆಯನ್ನು ಇನ್ನಷ್ಟು ಜೋರಾಗಿ ಕುಕ್ಕುತ್ತಿದ್ದಳು.

ಸಭೆಗೆ ಇನ್ನೇನು ಎರಡು ದಿನ ಇರುವಾಗ ಕಂಪನಿಯ ಸಂಪರ್ಕಾಧಿಕಾರಿ ಲಾಂಡ್ರಿಗೆ ಬಂದ. ಅವನಿಗಿಂತ ಮೊದಲು ಅವನ ಸೆಂಟು ಬಂತು. ಅವನು ಬಗಲಲ್ಲಿದ್ದ ಬಟ್ಟೆಯ ಗಂಟನ್ನು ಕೌಂಟರಿನ ಮೇಲೆ ಇಟ್ಟ.

"ಬ್ಯಾನರ್. ಪೇಂಟರ್ ಕೈಯಿಂದ ಕಾಫಿ ಚೆಲ್ಲಿಹೋಯ್ತು. ಅವನೇ ಹೇಳ್ದ, ಬೇರೆ ಎಲ್ಲೂ ಕೊಡಬೇಡಿ, ಮೂಗಿನ ತುದಿಯಲ್ಲೇ ಕೋಪ ಇರೋಳೊಬ್ಬಳಿದಾಳೆ, ಅವಳು ತೊಳೆದ್ರೇನೇ ಹೋಗೋದು ಅಂತ."

"ನಾನು ನಿಮ್ಮ ಬಟ್ಟೆ ಮುಟ್ಟಲ್ಲ" ಎಂದಳು ಅವಳು.

"ಇಟ್ಟು ಹೋಗಿ ಸಾರ್" ಎಂದಳು ಚಿಕ್ಕಮ್ಮ ಹಿಂದಿನಿಂದ. ಅವನು ಹೋದ ಮೇಲೆ ಇವಳತ್ತ ತಿರುಗಿ, "ಕೌಂಟರಿಗೆ ಬಂದ ಬಟ್ಟೆನ ನಿಮ್ಮಮ್ಮ ಯಾವತ್ತಾದ್ರೂ ವಾಪಸ್ ಕಳಿಸಿದ್ಳಾ? ಕೊಳೆ ಅಂತ ತಾನೇ ತರೋದು? ಚೊಕ್ಕಟವಾಗಿದ್ರೆ ನಮ್ಮ ಹತ್ರ ಯಾಕೆ ಬರ್ತಾರೆ?"

ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ನದಿಯಿಂದ ತಂದ ನೀರಿಗೆ ಕೈ ಇಡುವ ಮುನ್ನ ದಿನಾ ಕಣ್ಣು ಮುಚ್ಚಿ ಒಂದೇ ಮಾತು ಹೇಳುತ್ತಿದ್ದಳು: "ದೇವರೇ, ಹೊರಗಿನದನ್ನ ನಾನು ತೊಳೀತೀನಿ. ಒಳಗಿನದು ನಿನ್ನ ಪಾಲು." ಆ ಮಾತನ್ನು ಮಗಳು ತಾಯಿಯ ಮರಣದ ನಂತರ ಹೇಳಿರಲಿಲ್ಲ. ಅಂದು ಹೇಗೋ ಹೇಳಿದಳು. ಹೇಳಿ, ಗಂಟು ಬಿಚ್ಚಿದಳು.

ಬಿಳಿಯ ಬಟ್ಟೆಯ ಉದ್ದಕ್ಕೂ ಅವನ ದುಂಡು ಅಕ್ಷರಗಳು. "ನದಿಯನ್ನು ನಮಗೆ ಬಿಡಿ, ಬೆಳಕನ್ನು ನಿಮಗೆ ಕೊಡುತ್ತೇವೆ." ಕೊನೆಯಲ್ಲಿ ಕಾಫಿಯ ಕಂದು ಕಲೆ. ಅಕ್ಷರ ಎಷ್ಟು ಮುದ್ದಾಗಿತ್ತೋ ಮಾತು ಅಷ್ಟೇ ವಾಕರಿಕೆ ತರಿಸಿತು. ಕಾಫಿಯಷ್ಟನ್ನು ತೆಗೆದು ಬಿಸಾಕೋಣವೆಂದು ಅವಳು ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಿದಳು.

ನೀರು ಹಸಿರಾಯಿತು.

ಬಣ್ಣ ಬಿಡುತ್ತಿದೆ! ಗಿರಾಕಿಯ ಬಟ್ಟೆಯನ್ನು ಕೆಡಿಸಿದ ಹೆಸರು ಆ ಲಾಂಡ್ರಿಗೆ ಎಂದೂ ಬಂದಿರಲಿಲ್ಲ. ಗಾಬರಿಯಿಂದ ಮೇಲೆತ್ತಿದಳು. "ಬೆಳಕನ್ನು ನಿಮಗೆ ಕೊಡುತ್ತೇವೆ" ಎಂಬುದು ಪೂರ್ತಿ ಕರಗಿ ಸುರಿಯುತ್ತಿತ್ತು. ನಡುವಿನ "ನಮಗೆ" ಕೂಡ ಕಣ್ಣೆದುರೇ ಹರಿದುಹೋಯಿತು. ಉಳಿದ ಎರಡು ಪದ ಮಾತ್ರ ಕದಲಲಿಲ್ಲ. ಅವಳು ಸೋಪು ಹಾಕಿದಳು, ಬ್ರಷ್ ಹಿಡಿದು ತಿಕ್ಕಿದಳು, ಕುದಿನೀರು ಹೊಯ್ದಳು. ಜಪ್ಪಯ್ಯ ಎನ್ನಲಿಲ್ಲ.

"ನದಿಯನ್ನು" ಎಂದು ಓದಿದಳು. ದೂರ ಬಿಟ್ಟು, "ಬಿಡಿ."

ಒಂದೇ ಹಸಿರು, ಎರಡು ಜಾತಿಯ ಬಣ್ಣ. ಒಂದು ನೀರಿಗೆ ಹೋಗುವಂಥದ್ದು, ಇನ್ನೊಂದು ಏನು ಮಾಡಿದರೂ ಹೋಗದ್ದು. ಕಾಫಿ ತಾನಾಗಿ ಚೆಲ್ಲಿದ್ದಲ್ಲ. ತನ್ನ ಕೈಗೇ ಬರಲೆಂದು ಚೆಲ್ಲಿದ್ದು. ಅವಳು ತೊಟ್ಟಿಯ ಅಂಚಿನ ಮೇಲೆ ಕುಳಿತು, ಒದ್ದೆ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಹಸಿರು ನೀರನ್ನು ಅವಳು ನದಿಯ ಕಡೆಗೆ ಚೆಲ್ಲಲಿಲ್ಲ. ಒಲೆಯ ಬೂದಿಗುಂಡಿಗೆ ಸುರಿದಳು. ಬ್ಯಾನರನ್ನು ಚಿಕ್ಕಮ್ಮ ಕೆಂಡದಂಥ ಇಸ್ತ್ರಿಯಿಂದ ತಿದ್ದಿ ತೀಡಿದಳು. ಓದಿಯೂ ಓದದವಳಂತೆ ಸುತ್ತಿ, ಕಾಗದ ಹೊದಿಸಿದಳು. ಮೇಲೆ ಇವಳು ಒಂದು ಚೀಟಿ ಚುಚ್ಚಿದಳು. ಸಂಪರ್ಕಾಧಿಕಾರಿ ಬಂದು ಬಿಚ್ಚಿ ನೋಡದೆ ಒಯ್ದ.

ಸಭೆಯ ಹಾಲಿನಲ್ಲಿ ಬೆವರು, ಸೆಂಟು, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಬಂದವರಿಗೆಲ್ಲ ಬಾಗಿಲಲ್ಲಿ ಮತ್ತೆ ದೀಪ ಕೊಡುತ್ತಿದ್ದರು. ಚಿಕ್ಕಮ್ಮನ ಮಡಿಲಲ್ಲಿ ಎರಡು ಕಂಡು ಇವಳು ಮೂಗು ಮುರಿದಳು.

"ಕೊಟ್ರು ಕಣೇ. ಬೇಡ ಅನ್ನೋಣ ಅಂದ್ಕೊಂಡೆ, ಕೈ ಕೇಳಲಿಲ್ಲ."

ಜನರ ಅಭಿಪ್ರಾಯ ಬರೆದುಕೊಳ್ಳಲು ಬಂದ ಸರ್ಕಾರಿ ಅಧಿಕಾರಿ ಮೇಜಿನ ಹಿಂದೆ ಆಕಳಿಸುತ್ತಿದ್ದ. ಸಂಪರ್ಕಾಧಿಕಾರಿ ನದಿಯ ಮೇಲೆ ತನಗಿರುವ ಪ್ರೀತಿಯ ಬಗ್ಗೆ ಮಾತಾಡಿ, "ನಮ್ಮ ಕಂಪನಿಯ ಮನದ ಮಾತು ಇದು" ಎಂದು ಹಗ್ಗ ಎಳೆದ. ಬ್ಯಾನರ್ ಬಿಚ್ಚಿಕೊಂಡು ಇಳಿಯಿತು.

ನದಿಯನ್ನು ಬಿಡಿ.

ಹಿಂದಿನ ಸಾಲಿನಿಂದ ಎದ್ದ ನಗು ಮುಂದಿನ ಸಾಲಿನವರೆಗೆ ಉರುಳಿಕೊಂಡು ಬಂತು. ಅಧಿಕಾರಿ ಕನ್ನಡಕ ಏರಿಸಿ ಓದಿದ. "ಹಾಗಾದ್ರೆ ಕಂಪನಿದೂ ಜನರದ್ದೂ ಒಂದೇ ಮಾತು ಅಂತ ಬರ್ಕೊಳ್ಲಾ?"

"ಲಾಂಡ್ರಿಯವಳು!" ಎಂದು ಸಂಪರ್ಕಾಧಿಕಾರಿ ಅರಚಿದ. "ನಮ್ಮ ಬ್ಯಾನರ್ ಹಾಳು ಮಾಡಿದಾಳೆ!"

ಅವಳು ಎದ್ದು ನಿಂತಳು. "ಹೋಗೋದು ಹೋಯ್ತು ಸಾರ್. ಉಳಿದದ್ದು ಹೋಗಲ್ಲ. ಚೀಟಿ ಚುಚ್ಚಿ ಕೊಟ್ಟಿದ್ನಲ್ಲ, ಓದಲಿಲ್ವಾ?"

ನರ್ಸಕ್ಕ ಎದ್ದು ಹೋಗಿ ತನಗೆ ಕೊಟ್ಟ ದೀಪವನ್ನು ಮೇಜಿನ ಮೇಲೆ ಇಟ್ಟಳು. ಅವಳ ಹಿಂದೆ ಒಬ್ಬರಾದ ಮೇಲೊಬ್ಬರು ಎದ್ದರು. ಎಲ್ಲರೂ ಅಲ್ಲ. ಕೆಲವರು ದೀಪವನ್ನು ಕಾಲ ಸಂದಿಯಲ್ಲಿ ಅಡಗಿಸಿಕೊಂಡು ಕುಳಿತೇ ಇದ್ದರು. ಚಿಕ್ಕಮ್ಮ ಒಂದನ್ನು ಇಟ್ಟು ಬಂದಳು.

"ಇನ್ನೊಂದು?"

"ಇನ್ನೊಂದು ಮನೆಗಿರ್ಲಿ ಬಿಡೇ."

ಜನ ಒಪ್ಪಿಲ್ಲ ಎಂದು ಅಧಿಕಾರಿ ಬರೆದುಕೊಂಡ. ಮೇಲಿನವರು ಅದನ್ನು ಏನು ಮಾಡುತ್ತಾರೋ ದೇವರಿಗೇ ಗೊತ್ತು. ಅಂದಿಗಂತೂ ನದಿ ನದಿಯಾಗಿಯೇ ಇತ್ತು. ಲಾಂಡ್ರಿಯ ಹಿಂಬಾಗಿಲು ತೆರೆದರೆ ಅದರ ಸದ್ದು ಕೇಳಿಸುತ್ತಿತ್ತು.

ಮರುದಿನ ಅವನು ಬಂದ. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ. ಮೈಮೇಲೆ ಅದೇ ಅಂಗಿ, ಎದೆಯ ಮೇಲೆ ಅದೇ ಚೀಟಿ. ಇಸ್ತ್ರಿಪೆಟ್ಟಿಗೆಗೆ ಕೆಂಡ ತರುತ್ತೇನೆಂದು ಚಿಕ್ಕಮ್ಮ ಒಳಗೆ ಹೋದಳು. ಪೆಟ್ಟಿಗೆಯ ತುಂಬ ಕೆಂಡವಿತ್ತು.

"ಇನ್ನು ಈ ಕಡೆ ಯಾವ ಅಂಗಡಿಯವನೂ ನನಗೆ ಕೆಲಸ ಕೊಡಲ್ಲ. ಕಂಪನಿಯವರು ಎಲ್ಲರಿಗೂ ಹೇಳಿದಾರೆ" ಎಂದ.

"ಮೊದಲಿಂದಲೂ ಹೀಗೇ ಮಾಡಬೇಕು ಅಂತಿತ್ತಾ ನಿನಗೆ?"

ಹೌದು ಎಂದರೆ ಅವಳು ನಂಬುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

"ಇಲ್ಲ" ಎಂದ. "ಒಪ್ಕೊಂಡಾಗ ನಿಜವಾಗ್ಲೂ ಒಪ್ಕೊಂಡಿದ್ದೆ. ಒಂದು ಬ್ಯಾನರ್ ಪೂರ್ತಿ ಬರೆದೂ ಆಗಿತ್ತು. ನೀವು ಚೀಟಿ ಚುಚ್ಚಿದ ಮೇಲೆ ಅದನ್ನ ನೋಡೋಕೆ ನನಗೇ ಹೇಸಿಗೆ ಆಯ್ತು. ಸುಟ್ಟು ಬೇರೆ ಬರೆದೆ."

ಅವಳು ಮೆಟ್ಟಿಲಿಳಿದು ಬಂದಳು. ಕಾಲರನ್ನು ಮಡಚಿ ಹಸಿರು ಚುಕ್ಕೆಯನ್ನು ನೋಡಿದಳು. ಮೂಗನ್ನು ಹತ್ತಿರ ತಂದಳು. ಈ ಸಲ ಮುಖ ಸಿಂಡರಿಸಲಿಲ್ಲ.

"ಚೀಟಿ ತೆಗೀತೀರಾ?" ಎಂದ ಕ್ಷೀಣವಾಗಿ.

ಅವಳು ಪಿನ್ನು ಬಿಚ್ಚಿದಳು. ಬಿಚ್ಚಿದ ಚೀಟಿಯನ್ನು ತನ್ನ ಎದೆಯ ಮೇಲೆ, ಹೆಗಲಿನ ಸ್ವಲ್ಪ ಕೆಳಗೆ ಚುಚ್ಚಿಕೊಂಡಳು.

"ಇಷ್ಟು ದಿನ ಕುಕ್ಕಿ ಕುಕ್ಕಿ ಒಗೆದೆ" ಎಂದಳು. "ನೀನು ಹೋಗಲಿಲ್ಲ."

ಅವನು ಓದಿದ. ಅವನ ಬೆರಳು ಮಾತ್ರ ಈ ಸಲ ಏನನ್ನೂ ಬರೆಯಲಿಲ್ಲ.