ಪೇಟೆಂಟ್ ಮುಗಿಯುವ ತಾರೀಖು

ಮುಂದಿನ ತಿಂಗಳು ಹದಿನಾಲ್ಕಕ್ಕೆ ಪೇಟೆಂಟ್ ಮುಗಿಯುತ್ತದೆ ಎಂದು ಅವನಿಗೆ ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಅವನು ಸಿಟಿ ಬಸ್ಸಿನ ಡ್ರೈವರ್. ಅವನ ಅಕ್ಕನ ನರದ ಕಾಯಿಲೆಗೆ ಬರೆದುಕೊಟ್ಟ ಮಾತ್ರೆಯನ್ನು ಪೇಟೆಂಟ್ ಇರುವ ಒಂದೇ ಕಂಪನಿ ಮಾಡುತ್ತದೆ, ಕೈ ಸುಡುವಷ್ಟು ದುಬಾರಿ. ಪ್ರತಿ ಸೋಮವಾರ ನನ್ನ ಮೆಡಿಕಲ್ ಶಾಪಿಗೆ ಬಂದು ಒಂದೇ ಒಂದು ಸ್ಟ್ರಿಪ್ ಒಯ್ಯುತ್ತಿದ್ದ.

"ತಿಂಗಳದ್ದು ಒಟ್ಟಿಗೇ ತಗೊಂಡು ಹೋಗಬಾರದಾ?"

"ಎಲ್ಲಾದ್ರೂ ಕಳೆದುಬಿಡ್ತೀನಿ ಮೇಡಂ. ಬೇರೆ ಕಂಪನಿಯವರು ಯಾವಾಗ ಮಾಡ್ತಾರೆ ಇದನ್ನ?"

ಪೇಟೆಂಟ್ ಕಚೇರಿಯ ವೆಬ್‌ಸೈಟ್ ಜಾಲಾಡಿ ತಾರೀಖು ಹುಡುಕಿಕೊಟ್ಟೆ. ಆವತ್ತು ಅವನು ನಕ್ಕ ನಗು ನೋಡಿ, ಮೈಮರೆತು ಯಾರದೋ ಕೆಮ್ಮಿನ ಸಿರಪ್ಪನ್ನು ಅವನ ಚೀಲಕ್ಕೆ ಹಾಕಿಬಿಟ್ಟಿದ್ದೆ.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಷ್ಟು ದುಬಾರಿ ಔಷಧಿಯನ್ನು ಬೇರೆ ಅಂಗಡಿಯವರು ಇಡುವುದಿಲ್ಲ, ಅದಕ್ಕೇ ಬರುತ್ತಾನೆ ಎಂದುಕೊಂಡಿದ್ದೆ. ಹದಿನಾಲ್ಕರ ನಂತರ ಅಗ್ಗದ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುವಾಗ ಊರ ಆ ತುದಿಯಿಂದ ಈ ತುದಿಗೆ ಯಾಕೆ ಬಂದಾನು?

ಈ ಸೋಮವಾರ ಬಂದವನು ಸ್ಟ್ರಿಪ್ ಬೇಡ ಎಂದ.

"ಅಕ್ಕ ಮಾತ್ರೆ ಅರ್ಧ ಮಾಡ್ಕೊಂಡು ನುಂಗ್ತಿದಾಳೆ. ಹದಿನಾಲ್ಕರವರೆಗೆ ಹೇಗೋ ತಳ್ತಾಳಂತೆ. ನಿಮಗೆ ಹೇಳಿ ಹೋಗೋಣ ಅಂತ ಬಂದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣು ಮಿಟುಕಿಸಿ, ರಸ್ತೆ ದಾಟಿ, ಬಸ್ ಹತ್ತಿದ್ದ.

ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಮುರಿದರೆ ಔಷಧಿಯೆಲ್ಲ ಒಮ್ಮೆಗೇ ಮೈಗೇರುತ್ತದೆ, ಆಮೇಲೆ ಖಾಲಿ. ಫೋನ್ ಮಾಡಿದೆ. ಸ್ಟೇರಿಂಗ್ ಹಿಡಿದರೆ ಅವನು ಎತ್ತುವುದಿಲ್ಲ. ಏನೋ ಅನುಮಾನ ಬಂದು ಪೇಟೆಂಟ್ ಪುಟವನ್ನು ಮತ್ತೆ ತೆರೆದೆ. ನಾನು ನೋಡಿದ್ದು ಒಳಗಿನ ಔಷಧಿಯ ಪೇಟೆಂಟ್ ಮಾತ್ರ. ನಿಧಾನವಾಗಿ ಕರಗಿಸುವ ಲೇಪಕ್ಕೆ ಬೇರೆಯೇ ಪೇಟೆಂಟ್ ಇತ್ತು, ಇನ್ನೂ ನಾಲ್ಕು ವರ್ಷ.

ನಾಲ್ಕು ವರ್ಷದ ಸೋಮವಾರಗಳು! ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ನನ್ನ ಮೇಲೆ ನನಗೇ ಅಸಹ್ಯವಾಯಿತು. ಷಟರ್ ಎಳೆದು ಬಸ್ ನಿಲ್ದಾಣಕ್ಕೆ ಓಡಿದೆ.

ಅವನ ಬಸ್ ಬಂದು ನಿಂತಾಗ ಕಿಟಕಿಯ ಕೆಳಗೆ ನಿಂತು ಎಲ್ಲ ಒದರಿದೆ. ಅವನು ಮೊದಲು ಅಕ್ಕನಿಗೆ ಫೋನ್ ಮಾಡಿದ. "ಮಾತ್ರೆ ಮುರೀಬೇಡ ಕಣಕ್ಕಾ. ರೆಡಿಯಾಗಿರು, ಡಾಕ್ಟರ್ ಹತ್ರ ಹೋಗೋಣ." ಆಮೇಲೆ ನನ್ನತ್ತ ತಿರುಗಿದ. ಮುಖದಲ್ಲಿ ನಗುವಿರಲಿಲ್ಲ.

"ನಾಲ್ಕು ವರ್ಷನಾ?"

"ಲೇಪ ಇಲ್ಲದ ಸಾದಾ ಮಾತ್ರೆಯನ್ನ ಹದಿನಾಲ್ಕರ ಮೇಲೆ ಬೇರೆಯವರೂ ಮಾಡಬಹುದು. ದಿನಕ್ಕೆ ಮೂರು ಸಲ ತಗೋಬೇಕಾಗುತ್ತೆ. ಅಕ್ಕನಿಗೆ ಆಗುತ್ತಾ ಅಂತ ಡಾಕ್ಟರ್ ಹೇಳ್ಬೇಕು. ನಾನೇ ಬಂದು ಕೇಳ್ತೀನಿ."

"ಮತ್ಯಾಕೆ ಅಳ್ತಿದೀರಿ?"

"ನಾಲ್ಕು ವರ್ಷ ಅಂತ ಓದಿದಾಗ ನಂಗೆ ಖುಷಿಯಾಯ್ತು. ನೀವು ಬರ್ತಾ ಇರ್ತೀರಲ್ಲ ಅಂತ. ಅಕ್ಕನ ನೆನಪೇ ಆಗ್ಲಿಲ್ಲ. ಬೈಯಿರಿ ಈಗ."

ಅವನು ಬೈಯಲಿಲ್ಲ. ಸ್ಟೇರಿಂಗ್ ಮೇಲೆ ಗಲ್ಲ ಊರಿ, ನನ್ನ ಕೆದರಿದ ಕೂದಲು, ತೆಗೆಯಲು ಮರೆತ ಬಿಳಿ ಕೋಟು, ಎಲ್ಲವನ್ನೂ ಪುರುಸೊತ್ತಾಗಿ ನೋಡಿದ.

"ನಮ್ಮ ಮನೆ ಕೆಳಗೇ ಒಂದು ಮೆಡಿಕಲ್ ಶಾಪ್ ಇದೆ," ಎಂದ. "ಈ ಮಾತ್ರೆ ಅಲ್ಲೂ ಸಿಗುತ್ತೆ. ಮೊದಲಿಂದಲೂ."

ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿದ.

"ಈ ಟ್ರಿಪ್ ಮುಗಿಸಿದ್ರೆ ನನ್ನ ಡ್ಯೂಟಿ ಮುಗೀತು, ಬಸ್ಸು ನಮ್ಮ ಮನೆ ಕಡೆಗೇ ಹೋಗೋದು. ಹತ್ತಿ, ಅಕ್ಕ ಕಾಯ್ತಿರ್ತಾಳೆ."

ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕುಳಿತೆ. ಕನ್ನಡಿಯಲ್ಲಿ ಅವನ ಕಣ್ಣು ನನ್ನನ್ನು ಬಿಟ್ಟು ಅಲುಗಲಿಲ್ಲ.

"ರಸ್ತೆ ನೋಡಿ," ಎಂದು ಗದರಿದೆ.