ನಲಿನಿ ಹೇಳದ ಹೆಸರು

“ಹೆಸರು ಬಾಯಿಬಿಟ್ಟು ಹೇಳ್ರೀ ಬಾಯಾರ! ಹಿತ್ತಾಳಿ ಮ್ಯಾಲೆ ಒಮ್ಮೆ ಕೆತ್ತಿದ್ರ ಅಳಸಾಕ ಬರಂಗಿಲ್ಲ.”

ನಾಚಾರಂನ ತನ್ನ ಕೆತ್ತನೆ ಶೆಡ್ಡಿನಲ್ಲಿ ಮೌನಪ್ಪ ಗದರಿದ. ಹೊಸ ಕಂಪ್ಯೂಟರ್ ಕಂಪನಿಗಳ ನಾಮಫಲಕ ಕೆತ್ತಿ ಕೆತ್ತಿ ಅವನಿಗೆ ಬಿಡುವಿರಲಿಲ್ಲ.

ನಲಿನಿ ಬಾಯಿ ತೆರೆಯಲಿಲ್ಲ. ಹಿತ್ತಾಳೆಯ ಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದಳು: ಗೋಪಿನಾಥ.

“ಯಜಮಾನರಾ? ಹೆಸರೂ ಹೇಳಬಾರದಂಥಾ ಜಗಳೇನ್ರಿ?” ಅವನು ನಕ್ಕ.

“ಬಾಂಬರ್ ವಿಮಾನ ಹಾರಸ್ತಿದ್ರು. ಎಪ್ಪತ್ತೊಂದರ ಯುದ್ಧಕ್ಕ ಹೋದವರು ತಿರುಗಿ ಬರಲಿಲ್ಲ.”

ನಗು ಅಲ್ಲೇ ಸತ್ತಿತು...

ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲ. ಮದುವೆಯಂದು ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ ಮಾತ್ರ, ಒಡಪು ಎಂಬ ಪುಟ್ಟ ಪದ್ಯ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅಂದು ನಲಿನಿಗೆ ನಾಚಿಕೆ. ತಲೆಯನ್ನೇ ಎತ್ತಲಿಲ್ಲ. “ನಾ ರಜಾಕ್ಕ ಬಂದಾಗ ಹೇಳ್ತಾಳ ಬಿಡ್ರಿ” ಎಂದು ಗೋಪಿನಾಥನೇ ಬಿಡಿಸಿದ್ದ. ಆ ರಜೆ ಬರಲೇ ಇಲ್ಲ. ವಿಧವೆಗೆ ಒಡಪು ಹೇಳೆಂದು ಯಾರು ಕೇಳುತ್ತಾರೆ?

ಫಲಕವನ್ನು ಮೌನಪ್ಪ ತಾನೇ ಬೇಗಂಪೇಟೆಯ ಅವಳ ಮನೆಗೆ ಒಯ್ದ. ಗೋಡೆಗೆ ಮೊಳೆ ಹೊಡೆದ. ಫಲಕ ಉಜ್ಜಿಕೊಡುವ ನೆಪದಲ್ಲಿ ಮತ್ತೆ ಬಂದ. ಹೆಂಡತಿ ಸತ್ತ ಒಂಟಿ ಜೀವ ಅವನದು. “ಮೌನಪ್ಪಾರ, ಚಾ ಕುಡೀರಿ” ಎಂಬ ಆ ಒಂದು ಕರೆಗಾಗಿ ಸಿಟಿ ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಬರುತ್ತಿದ್ದ!

ಒಂದು ದಿನ ಕೇಳಿಯೇಬಿಟ್ಟ. “ಲಗ್ನಾಗಿ ನನ್ನ ಕೂಡ ಬಾಳೇವು ಮಾಡ್ತೀರೇನ್ರಿ?”

ನಲಿನಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಬೇಡವಾದೆ ಎಂದುಕೊಂಡು ಅವನು ಬರುವುದನ್ನೇ ಬಿಟ್ಟ.

ಅವಳ ಸಂಕಟವೇ ಬೇರೆ. ‘ಇವರ ಕೈ ಹಿಡಿದರೆ ಆ ಹೆಸರನ್ನು ಹೇಳಬಹುದು... ಯಾರೋ ಪರರ ಹೆಸರು ಹೇಳಿದಂತೆ! ಹೇಳದೆ ಇರುವುದೊಂದೇ ನನಗೆ ಉಳಿದ ಹೆಂಡತಿತನ. ಅದನ್ನೂ ಕಳೆದುಕೊಳ್ಳಲೇ?’

ಚಳಿಗಾಲ ಕಳೆಯಿತು. ಆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ವಿಮಾನಗಳು ನೆತ್ತಿಯ ಮೇಲೆ ಹಾದು ಪಕ್ಕದ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಯಾವುದರಿಂದಲೂ ಗೋಪಿನಾಥ ಇಳಿಯಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವಳು ನಾಚಾರಂಗೆ ಬಂದಳು. ಮೌನಪ್ಪ ಯಂತ್ರ ನಿಲ್ಲಿಸಿದ.

“ಗೋಪಿನಾಥ” ಎಂದಳು. ಜೀವನದಲ್ಲಿ ಮೊದಲ ಸಲ. “ಗೋಪಿನಾಥ... ಗೋಪಿನಾಥ...”

ಗಂಟಲು ಹರಿಯುವಂತೆ ಅತ್ತಳು. “ಹೋಗಿಬಿಟ್ರು... ಇವತ್ತು ಖರೇನ ಹೋಗಿಬಿಟ್ರು!”

ಮೌನಪ್ಪನ ಕಣ್ಣುಗಳೂ ತುಂಬಿದವು. “ಅಳ್ರಿ. ನಮ್ಮ ಮನ್ಯಾಗೂ ಅವರ ಹೆಸರು ಇರ್ಲಿ. ಇಬ್ಬರೂ ಹೇಳೋಣು.” ಆಮೇಲೆ ಕೇಳಿದ, “ಮತ್ತ ನನ್ನ ಹೆಸರು? ಮುಂಚಿನಂಗ ಒಮ್ಮೆ ಕರೀರಲ್ಲ...”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ತಲೆಯಾಡಿಸಿದಳು.

“ಊಹೂಂ... ಇನ್ನ ನಿಮ್ಮ ಹೆಸರು ನಾ ಹೇಳಂಗಿಲ್ಲ ರೀ.”