ಕೂದಲು ಚಿಗುರಿದ ಮೇಲೆ ಹೊದ್ದ ವಸ್ತ್ರ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಬುಕಿತ್ತಿಂಗಿ ಪೇಟೆಯ ತಲೆವಸ್ತ್ರದ ಅಂಗಡಿಗೆ ದೆಸ್ರಿನಿ ನುಗ್ಗಿದಾಗ, ಅವಳನ್ನು ಮದುವೆಯಾಗಲಿದ್ದ ಅಫ್ರಿಜಾಲ್ ಮೊಬೈಲ್ ಮುಂದೆ ನಿಂತು ನೇರಪ್ರಸಾರದಲ್ಲಿ ವ್ಯಾಪಾರ ನಡೆಸುತ್ತಿದ್ದ.

ಅವಳು ಚೀಲದಿಂದ ಹಳೆಯ ಕಠಾರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ನಿಶ್ಚಿತಾರ್ಥದ ದಿನ ಅವನ ಮನೆಯವರು ಕೊಟ್ಟ ಕುರುಹು. ಅದು ವಾಪಸ್ ಬಂತೆಂದರೆ ಸಂಬಂಧ ಮುರಿಯಿತೆಂದೇ ಅರ್ಥ.

ಅವನು ಮೊಬೈಲನ್ನು ಕವುಚಿ ಹಾಕಿದ. "ದೆಸ್... ಏನಿದು?"

"ನಿನ್ನೆ ಇದೇ ಮೊಬೈಲ್ ಮುಂದೆ ಏನು ಹೇಳಿದ್ರಿ, ಉದಾ?" ಮದುವೆಯಾಗುವವನನ್ನು ಅಲ್ಲಿ 'ಅಣ್ಣ' ಎಂಬರ್ಥದಲ್ಲಿ ಹೀಗೇ ಕರೆಯುವುದು.

"ನಿನ್ನ ಬಗ್ಗೆ ಒಳ್ಳೇದೇ ಹೇಳಿದೆ! ನಿನ್ನ ಧೈರ್ಯ..."

"ಬೆಳಿಗ್ಗೆ ಕ್ಲಾಸಲ್ಲಿ ಒಬ್ಬಳು ಹುಡುಗಿ ಹೇಳ್ತಾಳೆ, 'ಟೀಚರ್, ನಿಮ್ಮ ಕಥೆ ಕೇಳಿ ಅಮ್ಮ ಅತ್ತೇಬಿಟ್ರು! ದೆಸ್ರಿನಿ ಬಟ್ಟೆ ಎರಡು ತಗೊಂಡ್ರು!' ನನ್ನ ಹೆಸರಲ್ಲಿ ಬಟ್ಟೆ!"

ಹತ್ತೊಂಬತ್ತನೇ ವಯಸ್ಸಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲೆಲ್ಲ ಉದುರಿದಾಗ ಅವಳು ಬೋಳುತಲೆಯಲ್ಲೇ ಕಾಲೇಜಿಗೆ ಹೋಗಿದ್ದಳು. "ಈಗಲಾದ್ರೂ ಮುಚ್ಕೊಳ್ಳೇ, ನೋಡಕ್ಕಾಗಲ್ಲ!" ಎಂದು ದೊಡ್ಡಮ್ಮ ಬೈದರೂ ಒಪ್ಪಿರಲಿಲ್ಲ. ದೇವರಿಗಾಗಿ ಹೊದೆಯುವ ವಸ್ತ್ರ ನಾಚಿಕೆಯ ಮುಚ್ಚಳವಾಗಬಾರದು...

ಕೂದಲು ಮತ್ತೆ ಚಿಗುರಿ, ಎಲ್ಲರೂ 'ಚೆಂದ ಕಾಣ್ತೀಯ' ಎನ್ನತೊಡಗಿದಾಗ ತಾನಾಗಿಯೇ ಹೊದ್ದಳು. 'ಅಲ್ಲಾಹನಿಗೆ ಒಪ್ಪಿಸಲು ಈಗ ನನ್ನ ಬಳಿ ಏನೋ ಇದೆ.' ಈ ಕಾರಣ ಗೊತ್ತಿದ್ದದ್ದು ಅಫ್ರಿಜಾಲ್ ಒಬ್ಬನಿಗೇ.

"ಹೊಗಳಿದ್ದು ತಪ್ಪಾ?" ಅವನು ತೊದಲಿದ.

"ಬೋಳುತಲೆ ಊರೆಲ್ಲ ನೋಡಿತ್ತು, ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದು ಯಾಕೆ ಹೊದ್ದೆ ಅನ್ನೋದೊಂದೇ! ಬಟ್ಟೆ ಮಾರಿ, ನಾನು ಬೇಡ ಅಂದೆನಾ? ನನ್ನ ಪ್ರಾರ್ಥನೇನೂ ಮಡಚಿ ಮಾರಿಬಿಟ್ರಲ್ಲಾ..."

ಮೆಟ್ಟಿಲಿಳಿಯುವಾಗ ಅವಳಿಗೆ ಕಣ್ಣು ಕಾಣಿಸಲಿಲ್ಲ.

ರಂಜಾನಿನ ಉಪವಾಸ ಶುರುವಾಗುವ ಮುನ್ನಾದಿನ, ಎಲ್ಲರೂ ಪರಸ್ಪರ ಕ್ಷಮೆ ಕೇಳುವ ದಿನ, ಅವನು ಅವಳ ಮನೆಬಾಗಿಲಲ್ಲಿ ನಿಂತಿದ್ದ, ಕಠಾರಿ ಹಿಡಿದು.

"ಕ್ಷಮೆ ಕೇಳೋ ದಿನ ಬಾಗಿಲು ಹಾಕೋ ಹಾಗಿಲ್ಲ ಅಂತ ಇವತ್ತೇ ಬಂದಿದೀಯಾ, ಕಿಲಾಡಿ!" ಎಂದರು ಅವಳ ಅಮ್ಮ. "ಕೂತ್ಕೋ. ರೆಂದಾಂಗ್ ಮಾಂಸ ಇನ್ನೂ ಬೆಂದಿಲ್ಲ. ನೀನೂ ಬೇಯಿ!"

ಅಮ್ಮ ಒಳಹೋದರು. ದೆಸ್ರಿನಿ ಮೇಜಿನ ಆಚೆ ಕೂತಳು.

"ವಿಡಿಯೊ ಅಳಿಸಿದೆ. ಬಟ್ಟೆಯಿಂದ ಹೆಸರೂ ತೆಗೆದೆ." ಅವನು ಕಠಾರಿಯನ್ನು ಮೇಜಿನ ಮೇಲಿಟ್ಟ.

"ಎಲ್ಲರ ಮುಂದೆ ಕ್ಷಮೆ ಕೇಳೋದಿತ್ತು... ಇನ್ನೊಂದಿಷ್ಟು ಮಾರಾಟ ಆಗ್ತಿತ್ತು!" ಅವಳು ಚುಚ್ಚಿದಳು.

"ಕೇಳಿದ್ರೆ ಮತ್ತೆ ನಿನ್ನ ಕಥೇನೇ ಹೇಳ್ಬೇಕಾಗ್ತಿತ್ತು, ದೆಸ್."

ಅವಳು ತಲೆ ಎತ್ತಿದಳು. 'ಇಷ್ಟಾದರೂ ಅರ್ಥವಾಗಿದೆ...'

"ಜನ ದಿನಾ ಕೇಳ್ತಾರೆ, ಆ ಹುಡುಗಿ ಎಲ್ಲಿ ಅಂತ."

"ಏನಂತೀರಿ?"

"ಬಟ್ಟೆ ಅಳತೆ ಕೇಳಿ, ಹೇಳ್ತೀನಿ ಅಂತೀನಿ."

ಬೇಡವೆಂದರೂ ಅವಳಿಗೆ ನಗು ಬಂತು. ಮರುಕ್ಷಣ ಕಣ್ಣು ತುಂಬಿತು.

"ನೋವು ಇವತ್ತೇ ಹೋಗಲ್ಲ, ಉದಾ."

"ಗೊತ್ತು. ಕಾಯ್ತೀನಿ."

"ಅವತ್ತು ಹೊದೆಯೋ ಮುಂಚೆ ಕನ್ನಡಿ ಮುಂದೆ ಸ್ಕೇಲ್ ಹಿಡಿದು ಕೂದಲು ಅಳೆದಿದ್ದೆ. ಎಷ್ಟಿತ್ತು ಅಂತ ನಿಮಗೂ ಹೇಳಿಲ್ಲ."

"ಹೇಳ್ಬೇಡ ದೆಸ್... ನನಗೆ ಯೋಗ್ಯತೆ ಇಲ್ಲ."

"ಹೇಳ್ತೀನಿ. ಈ ಸಲ ನಿಮ್ಮಲ್ಲೇ ಇಟ್ಕೊಳ್ಳಿ."

ಕಠಾರಿಯನ್ನು ತನ್ನ ಕಡೆಗೆ ಎಳೆದುಕೊಂಡು, ಅವನಿಗಷ್ಟೇ ಕೇಳುವಂತೆ ಹೇಳಿದಳು:

"ಹದಿನಾಲ್ಕು ಮಿಲಿಮೀಟರ್."